ನಾಯಿಗೆ ಅಜಿಲಿಟಿ ಕಲಿಸುವುದಕ್ಕೆ ಮುನ್ನ: ಗುಂಪು ತರಗತಿ, ಖಾಸಗಿ ಪಾಠ, ಆನ್‌ಲೈನ್ ಕೋರ್ಸ್, ಆಟದಂಗಳಗಳ ಹೋಲಿಕೆ

ನಾಯಿಯೊಂದು ಸಾಲುಗಂಬಗಳ ನಡುವೆ ಬಳುಕುತ್ತ ನುಸುಳಿ, ಸುರಂಗದೊಳಗೆ ನುಗ್ಗಿ, ಇಳಿಜಾರು ಹಲಗೆಗಳನ್ನು ಹತ್ತಿಳಿದು, ಪಕ್ಕದಲ್ಲಿ ಓಡುತ್ತಿರುವ ಒಡೆಯನ ಕೈಸನ್ನೆಗೆ ಗಕ್ಕನೆ ತಿರುಗುವ ವಿಡಿಯೊಗಳನ್ನು ನೋಡಿ ತಮ್ಮ ನಾಯಿಗೂ ಅಜಿಲಿಟಿ ಎಂಬ ಈ ಅಡೆತಡೆ ಓಟವನ್ನು ಕಲಿಸಬೇಕೆಂದು ಹೊರಡುವವರು ಸಾಮಾನ್ಯವಾಗಿ ಹುಡುಕುವುದು ಅಂಥ ಸುರಂಗ, ಅಂಥ ಹಲಗೆಗಳೆಲ್ಲ ಇರುವ ಮೈದಾನವನ್ನು. ಹುಡುಕಾಟ ಅಲ್ಲಿಂದ ಆರಂಭವಾದರೆ ಆಯ್ಕೆ ತಪ್ಪುವ ಸಾಧ್ಯತೆಯೇ ಹೆಚ್ಚು. ಮೊದಲ ಎರಡು ಮೂರು ತಿಂಗಳಲ್ಲಿ ನಾಯಿ ಕಲಿಯಬೇಕಾದುದರಲ್ಲಿ ಬಹುಪಾಲು ನೆಲದ ಮೇಲೆಯೇ ಕಲಿಯುವಂಥದ್ದು: ಕರೆದಾಗ ಬರುವುದು, ಕೂರಿಸಿದಲ್ಲಿ ಕಾಯುವುದು, ನಮ್ಮ ಎಡಕ್ಕೂ ಬಲಕ್ಕೂ ಸಮನಾಗಿ ಓಡುವುದು, ಹಿಂಗಾಲುಗಳನ್ನು ಎಲ್ಲಿ ಇಡುತ್ತಿದ್ದೇನೆ ಎಂಬ ಅರಿವು ಪಡೆಯುವುದು. ಆದುದರಿಂದ ತರಗತಿಗಳನ್ನು ಹೋಲಿಸುವಾಗ ಎಷ್ಟು ಉಪಕರಣಗಳಿವೆ ಎಂದು ಎಣಿಸುವ ಬದಲು, ಉಪಕರಣ ಮುಟ್ಟುವ ಮೊದಲು ಅಲ್ಲಿ ಏನನ್ನು ಕಲಿಸುತ್ತಾರೆ ಎಂದು ಕೇಳುವುದು ಮೇಲು. ಈ ಬರಹ ಆ ಒಂದು ಪ್ರಶ್ನೆಯನ್ನೇ ಇಟ್ಟುಕೊಂಡು ನಾಲ್ಕು ದಾರಿಗಳನ್ನು ಅಳೆಯುತ್ತದೆ.

ಆಟದ ಸ್ವರೂಪ ತಿಳಿದರೆ ಈ ಪ್ರಶ್ನೆಗೆ ಇಷ್ಟು ಮಹತ್ವವೇಕೆ ಎಂಬುದು ಸ್ಪಷ್ಟವಾಗುತ್ತದೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಮುಖ್ಯ ಅಂಗಣದ ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರನ್ನು ರಂಜಿಸಲು ಏನಾದರೂ ಬೇಕೆಂದು ಸಂಘಟಕರಲ್ಲೊಬ್ಬರಾದ ಜಾನ್ ವಾರ್ಲಿ ಅವರು ಪೀಟರ್ ಮೀನ್ವೆಲ್ ಎಂಬ ತರಬೇತುದಾರರ ನೆರವು ಪಡೆದು, ಕುದುರೆಗಳ ಷೋ ಜಂಪಿಂಗ್ ಮಾದರಿಯಲ್ಲಿ ನಾಯಿಗಳಿಗಾಗಿ ಒಂದು ಪ್ರದರ್ಶನ ಓಟವನ್ನು ಏರ್ಪಡಿಸಿದರು. ಜನ ಮೆಚ್ಚಿದರು, 1980ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಅದಕ್ಕೆ ನಿಯಮಗಳನ್ನು ರೂಪಿಸಿ ಮನ್ನಣೆ ನೀಡಿತು. ಅಮೆರಿಕದಲ್ಲಿ 1986ರಲ್ಲಿ ಯುಎಸ್‌ಡಿಎಎ ಎಂಬ ಸಂಸ್ಥೆ ಹುಟ್ಟಿತು, 1994ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಕೂಡ ಸ್ಪರ್ಧೆಗಳನ್ನು ಆರಂಭಿಸಿತು, ಮತ್ತು 1996ರಿಂದ ಶ್ವಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐನ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಕುದುರೆಯ ಆಟದಿಂದ ಬಂದ ಒಂದು ಗುಣ ಇಂದಿಗೂ ಉಳಿದಿದೆ: ಅಡೆತಡೆಗಳ ಅನುಕ್ರಮ ಪ್ರತಿ ಸಲವೂ ಹೊಸತು. ಓಟಕ್ಕೆ ಮುನ್ನ ಹ್ಯಾಂಡ್ಲರ್ (ನಾಯಿಯನ್ನು ಓಡಿಸುವವರು) ಮಾತ್ರ, ನಾಯಿಯಿಲ್ಲದೆ, ಅಂಗಣದಲ್ಲಿ ಒಮ್ಮೆ ನಡೆದು ದಾರಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ನಾಯಿಗೆ ಮುಂದಿನ ಅಡೆತಡೆ ಯಾವುದೆಂದು ತಿಳಿಯುವುದು ಅವರ ಮೈಯ ತಿರುವು, ಪಾದದ ದಿಕ್ಕು, ಕೈ ಮತ್ತು ಮಾತುಗಳಿಂದ ಮಾತ್ರ. ಎಫ್‌ಸಿಐ ನಿಯಮಗಳ ಪ್ರಕಾರ ಓಡುವಾಗ ನಾಯಿಗೆ ಲೀಶ್ ಇರುವಂತಿಲ್ಲ, ಹ್ಯಾಂಡ್ಲರ್ ಕೈಯಲ್ಲಿ ತಿಂಡಿಯಾಗಲಿ ಆಟಿಕೆಯಾಗಲಿ ಇರುವಂತಿಲ್ಲ. ಅಂದರೆ ಸುರಂಗ ಹಾಯುವುದನ್ನು ಚುರುಕಾದ ಮರಿ ಒಂದೇ ಬೆಳಿಗ್ಗೆಯಲ್ಲಿ ಕಲಿತೀತು. ಲೀಶ್ ಇಲ್ಲದ ಬಯಲಿನಲ್ಲಿ, ಬೇರೆ ನಾಯಿಗಳು ಬೊಗಳುತ್ತಿರುವಾಗ, ನಮ್ಮ ಭುಜದ ತಿರುವನ್ನು ಗಮನಿಸುತ್ತ ಓಡುವುದನ್ನು ಕಲಿಯಲು ತಿಂಗಳುಗಳು ಬೇಕು.

ಸ್ಪರ್ಧೆಯ ಉದ್ದೇಶವೇ ಇಲ್ಲದವರಿಗೂ ಈ ಮಾತು ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಶ್ವಾನ ಪ್ರದರ್ಶನವೆಂದರೆ ಬಹುತೇಕ ತಳಿಯ ಅಂದಚೆಂದಗಳ ತೀರ್ಪು. ಅಜಿಲಿಟಿ ಕಲಿಸುವ ಹೆಚ್ಚಿನವರು ಪದಕಕ್ಕಾಗಿ ಅಲ್ಲ, ಮನೆಯಲ್ಲಿ ಸೋಫಾ ಹರಿಯುವ ನಾಯಿಗೆ ಏನಾದರೂ ಕೆಲಸ ಕೊಡೋಣವೆಂದೇ ಬರುತ್ತಾರೆ. ಅವರಿಗೂ ಸಿಗಬೇಕಾದ ಲಾಭ ಈ ಸಂವಹನವೇ.

ಮೊದಲು ವಯಸ್ಸು ಮತ್ತು ಮೈಕಟ್ಟು

ತರಗತಿ ಹುಡುಕುವ ಮುನ್ನ ಪಶುವೈದ್ಯರ ಬಳಿ ಒಮ್ಮೆ ಹೋಗಿಬರಬೇಕು. ಮರಿಗಳ ಕಾಲೆಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದು ಪದರಗಳಿರುತ್ತವೆ; ಅವು ಗಟ್ಟಿಯಾಗಿ ಮುಚ್ಚಿಕೊಳ್ಳಲು ಸಣ್ಣ ತಳಿಗಳಿಗೆ ಸುಮಾರು ಒಂದು ವರ್ಷ, ದೊಡ್ಡ ತಳಿಗಳಿಗೆ ಒಂದೂವರೆ ವರ್ಷದವರೆಗೂ ಹಿಡಿಯಬಹುದು. ಅದಕ್ಕೂ ಮುಂಚೆ ಪೂರ್ಣ ಎತ್ತರದ ಜಿಗಿತ ಮಾಡಿಸಿದರೆ ಪದರಕ್ಕೆ ಪೆಟ್ಟಾಗಿ ಕಾಲು ಸೊಟ್ಟಗಾಗುವ ಅಪಾಯವಿದೆ. ಸ್ಪರ್ಧೆಗೆ ಎಫ್‌ಸಿಐ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ 18 ತಿಂಗಳು, ಅಮೆರಿಕನ್ ಕೆನಲ್ ಕ್ಲಬ್ 15 ತಿಂಗಳು ಎಂಬ ಕನಿಷ್ಠ ವಯೋಮಿತಿ ಇಟ್ಟಿರುವುದನ್ನು ಮರೆಯಬಾರದು. ಹಾಗೆಂದು ಅಷ್ಟು ದಿನ ಸುಮ್ಮನೆ ಕಾಯಬೇಕಾಗಿಲ್ಲ. ಲಸಿಕೆಗಳ ಸರಣಿ ಮುಗಿದ ಮರಿ ನೆಲದ ಮೇಲಿನ ಪಾಠಗಳನ್ನೆಲ್ಲ ಧಾರಾಳವಾಗಿ ಕಲಿಯಬಹುದು. ಆರೇಳು ವರ್ಷದ ನಾಯಿಗೂ ಬಾಗಿಲು ಮುಚ್ಚಿರುವುದಿಲ್ಲ. ಕೀಲು, ಹೃದಯ, ತೂಕಗಳ ತಪಾಸಣೆ ಮಾತ್ರ ಇನ್ನಷ್ಟು ಎಚ್ಚರದಿಂದ ಆಗಬೇಕು. ತೂಕದ ವಿಷಯದಲ್ಲಿ ಮುಲಾಜು ಬೇಡ. ಪಕ್ಕೆಲುಬುಗಳು ಕೈಗೆ ತಾಕದಷ್ಟು ಮೈಬಂದ ಲ್ಯಾಬ್ರಡಾರ್‌ಗೆ ಬೇಕಾಗಿರುವುದು ಮೊದಲು ನಡಿಗೆ, ಆಮೇಲೆ ಜಿಗಿತ.

ಗುಂಪು ತರಗತಿ

ಬಹುಪಾಲು ಆರಂಭಿಗರಿಗೆ ನಾನು ಸೂಚಿಸುವುದು ಇದನ್ನೇ, ಆದರೆ ‘ಫೌಂಡೇಶನ್’ ಹಂತವನ್ನು, ಅಂದರೆ ಉಪಕರಣಕ್ಕೆ ಮುಂಚಿನ ನೆಲದ ಪಾಠಗಳನ್ನು, ನಿಜವಾಗಿ ನಡೆಸುವ ತರಗತಿಯಾಗಿದ್ದರೆ ಮಾತ್ರ. ಆರರಿಂದ ಎಂಟು ವಾರ, ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ಎಂಬುದು ಹೆಚ್ಚಿನ ಕಡೆ ಕಾಣುವ ಕ್ರಮ.

ಶುಲ್ಕವನ್ನು ಹೋಲಿಸುವ ಮೊದಲು ಒಂದು ಸರಳ ಲೆಕ್ಕ ಹಾಕಬೇಕು. ಅರವತ್ತು ನಿಮಿಷಗಳಲ್ಲಿ ವಿವರಣೆ, ಉಪಕರಣಗಳ ಜೋಡಣೆ ಇವುಗಳಿಗೆ ಹದಿನೈದು ನಿಮಿಷ ಹೋದರೆ ಉಳಿಯುವುದು 45. ಆರು ನಾಯಿಗಳಿದ್ದರೆ ಒಂದೊಂದಕ್ಕೆ ಏಳೂವರೆ ನಿಮಿಷ ಸಿಗುತ್ತದೆ. ಹನ್ನೆರಡಿದ್ದರೆ ನಾಲ್ಕು ನಿಮಿಷವೂ ಇಲ್ಲ. ಏಳು ನಿಮಿಷ ಕಡಿಮೆಯೆನಿಸಬಹುದು, ಆದರೆ ಆರಂಭದ ನಾಯಿ ಏಕಾಗ್ರತೆಯಿಂದ ಕೆಲಸ ಮಾಡುವುದೇ ಒಂದೆರಡು ನಿಮಿಷಗಳ ಸಣ್ಣ ಕಂತುಗಳಲ್ಲಿ. ಹಾಗಾಗಿ ಆರು ನಾಯಿಗಳ ತರಗತಿ ಸಾಕಷ್ಟಾಯಿತು. ಹನ್ನೆರಡು ನಾಯಿಗಳಿಗೆ ಒಬ್ಬರೇ ತರಬೇತುದಾರರಿರುವ ಕಡೆ ಶುಲ್ಕ ಅರ್ಧಕ್ಕೆ ಇಳಿದರೂ ಅದು ಅಗ್ಗವಲ್ಲ. ಸಹಾಯಕರೊಬ್ಬರಿದ್ದು ಮೈದಾನವನ್ನು ಎರಡು ಭಾಗ ಮಾಡಿ ನಡೆಸುವುದಾದರೆ ಲೆಕ್ಕ ಬದಲಾಗುತ್ತದೆ. ಅದನ್ನೂ ಕೇಳಿ ತಿಳಿಯಬೇಕು.

ಸರದಿಗಾಗಿ ಕಾಯುವ ಹೊತ್ತನ್ನು ವ್ಯರ್ಥವೆಂದು ಭಾವಿಸುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಗುಂಪು ತರಗತಿಯ ಅತ್ಯಂತ ಬೆಲೆಯುಳ್ಳ ಭಾಗ ಅದು. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದಲೇ ಬೇರೆ ನಾಯಿಗಳನ್ನು ಕಂಡು ಬೊಗಳಿ ಬೆಳೆದ ನಗರದ ನಾಯಿಗೆ, ಹತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ನಾಯಿ ಓಡುತ್ತಿರುವಾಗ ಚಾಪೆಯ ಮೇಲೆ ಮಲಗಿರುವುದು ಯಾವ ಜಿಗಿತಕ್ಕಿಂತಲೂ ಕಠಿಣವಾದ ಪಾಠ. ಒಳ್ಳೆಯ ತರಬೇತುದಾರರು ಕಾಯುವ ನಾಯಿಗಳಿಗೂ ಕೆಲಸ ಕೊಟ್ಟಿರುತ್ತಾರೆ: ಪ್ರತಿಯೊಂದಕ್ಕೂ ತನ್ನದೇ ಚಾಪೆ ಅಥವಾ ಗೂಡು, ನಡುವೆ ಸಾಕಷ್ಟು ಅಂತರ, ಬೇಕಾದರೆ ಬಟ್ಟೆಯ ಮರೆ. ಕಾಯುವ ನಾಯಿಗಳೆಲ್ಲ ಲೀಶ್ ಬಿಗಿದೆಳೆದು ಕಿರುಚುತ್ತಿದ್ದು, ಒಡೆಯರು ಮೊಬೈಲ್ ನೋಡುತ್ತ ನಿಂತಿದ್ದರೆ ಆ ತರಗತಿಯಲ್ಲಿ ನಾಯಿ ಕಲಿಯುತ್ತಿರುವುದು ಉದ್ರೇಕವನ್ನು.

ಸೇರುವ ಮೊದಲು ನಾಯಿಯನ್ನು ಮನೆಯಲ್ಲಿ ಬಿಟ್ಟು ಒಂದು ತರಗತಿಯನ್ನು ಸುಮ್ಮನೆ ಕುಳಿತು ನೋಡಲು ಅನುಮತಿ ಕೇಳಿ. ನಿರಾಕರಿಸುವವರ ಬಳಿ ಹೋಗದಿರುವುದೇ ಕ್ಷೇಮ. ನೋಡುವಾಗ ಗಮನ ಮೊದಲು ಅಡ್ಡಕಂಬಿಗಳ ಎತ್ತರದ ಮೇಲಿರಲಿ: ಆರಂಭಿಗರ ತರಗತಿಯಲ್ಲಿ ಅವು ನೆಲದ ಮೇಲೆ ಅಥವಾ ನಾಯಿಯ ಮುಂಗಾಲಿನ ಮಣಿಕಟ್ಟಿನ ಮಟ್ಟದಲ್ಲಿ ಇರಬೇಕು, ತಾಕಿದರೆ ತಟ್ಟನೆ ಕಳಚಿ ಬೀಳುವಂತಿರಬೇಕು. ಬಿಗಿದು ಕಟ್ಟಿದ ಕಬ್ಬಿಣದ ಸರಳನ್ನು ಹಾರಿಸುತ್ತಿದ್ದರೆ ಬೇರೇನನ್ನೂ ನೋಡಬೇಕಾಗಿಲ್ಲ. ಸುರಂಗವು ಮರಳಿನ ಚೀಲಗಳಿಂದ ಭದ್ರವಾಗಿ ಒತ್ತಿಕೊಂಡಿರಬೇಕು, ನಾಯಿ ಒಳಗೆ ತಿರುಗುವಾಗ ಉರುಳಬಾರದು. ಹಲಗೆಗಳ ಮೇಲ್ಮೈ ರಬ್ಬರ್ ಹರಳಿನಂಥ ಒರಟು ಹೊದಿಕೆಯದಾಗಿರಬೇಕು. ಎಣ್ಣೆಬಣ್ಣ ಬಳಿದ ನುಣುಪು ಪ್ಲೈವುಡ್ ಒಂದು ಹನಿ ನೀರಿಗೇ ಜಾರುತ್ತದೆ.

ಎ-ಫ್ರೇಮ್ (ಗುಡಾರದಂತೆ ಜೋಡಿಸಿದ ಎರಡು ಇಳಿಜಾರು ಹಲಗೆಗಳು), ಡಾಗ್ ವಾಕ್ (ಎತ್ತರದ ಕಿರಿದಾದ ಹಲಗೆ ಸೇತುವೆ), ಸೀಸಾ (ಏರಿಳಿಯುವ ತೂಗುಹಲಗೆ) ಎಂಬ ಮೂರು ಉಪಕರಣಗಳ ವಿಷಯದಲ್ಲಿ ತರಗತಿಯ ನಿಜವಾದ ಮಟ್ಟ ಬಯಲಾಗುತ್ತದೆ. ಎಫ್‌ಸಿಐ ಅಳತೆಯಲ್ಲಿ ಎ-ಫ್ರೇಮಿನ ತುದಿ ನೆಲದಿಂದ 1.70 ಮೀಟರ್ ಎತ್ತರದಲ್ಲಿರುತ್ತದೆ, ಡಾಗ್ ವಾಕ್ ಸುಮಾರು 1.2 ಮೀಟರ್. ಇವುಗಳ ಕೆಳತುದಿಗಳಲ್ಲಿ ಬೇರೆ ಬಣ್ಣ ಬಳಿದ ಭಾಗವಿದ್ದು, ಇಳಿಯುವಾಗ ನಾಯಿ ಅದನ್ನು ಕಾಲಿಂದ ಮುಟ್ಟಲೇಬೇಕು. ಮುಟ್ಟದಿದ್ದರೆ ಐದು ಅಂಕಗಳ ದಂಡ. ನಿಯಮದ ಹಿಂದಿರುವುದು ಸುರಕ್ಷತೆ: ಎತ್ತರದಿಂದಲೇ ಹಾರಿಬಿಡುವ ನಾಯಿಯ ಭುಜ ಮತ್ತು ಮಣಿಕಟ್ಟುಗಳ ಮೇಲೆ ಬೀಳುವ ಹೊರೆ ದೊಡ್ಡದು. ಬಲ್ಲವರು ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ನಿಲ್ಲುವುದನ್ನು ಮೊದಲು ನೆಲಕ್ಕೆ ಹಾಸಿದ ಒಂದೇ ಹಲಗೆಯಲ್ಲಿ ಕಲಿಸುತ್ತಾರೆ, ಎ-ಫ್ರೇಮನ್ನು ಬಹುಮಟ್ಟಿಗೆ ಚಪ್ಪಟೆಯಾಗಿ ಇಳಿಸಿ ಆರಂಭಿಸುತ್ತಾರೆ, ಸೀಸಾದ ಹಲಗೆ ನೆಲಕ್ಕೆ ಬಡಿಯುವ ಸದ್ದಿಗೆ ನಾಯಿ ಹೆದರದಂತೆ ಆ ಸದ್ದನ್ನೇ ಒಂದು ಆಟವಾಗಿಸುತ್ತಾರೆ. ಮೊದಲ ದಿನವೇ ಬಿಸ್ಕತ್ತು ತೋರಿಸಿ, ಕೊರಳಪಟ್ಟಿ ಹಿಡಿದೆಳೆದು ನಾಯಿಯನ್ನು ಡಾಗ್ ವಾಕ್ ಹತ್ತಿಸಿ ಫೋಟೊ ತೆಗೆಸಿಕೊಡುವ ಕಡೆ ಒಡೆಯರಿಗೆ ಖುಷಿಯಾಗುತ್ತದೆ. ನಡುವೆ ಹೆದರಿ ಪಕ್ಕಕ್ಕೆ ಹಾರಿದ ನಾಯಿಯನ್ನು ಮತ್ತೆ ಆ ಹಲಗೆಯ ಹತ್ತಿರ ಕರೆತರಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಸಾಲುಗಂಬಗಳಿಗೂ ಅವಸರ ಸಲ್ಲದು. ಪೂರ್ಣ ಸಾಲಿನಲ್ಲಿ 60 ಸೆಂ.ಮೀ. ಅಂತರದ 12 ಕಂಬಗಳಿರುತ್ತವೆ. ಮೊದಲ ಕಂಬ ನಾಯಿಯ ಎಡಭುಜದ ಕಡೆ ಬರುವಂತೆ ಒಳಹೊಕ್ಕು ಒಂದನ್ನೂ ಬಿಡದೆ ಬಳುಕಬೇಕು. ಎರಡೆರಡು ಕಂಬಗಳಿಂದ ಆರಂಭಿಸುವ ಕ್ರಮವೂ ಇದೆ, ಕಂಬಗಳನ್ನು ಎರಡು ಸಾಲಾಗಿ ಸರಿಸಿ ನಡುವೆ ಓಣಿ ಮಾಡಿ ಕ್ರಮೇಣ ಹತ್ತಿರ ತರುವ ಕ್ರಮವೂ ಇದೆ. ಯಾವುದಾದರೂ ಸರಿಯೇ. ಬೆಳೆಯುವ ಮರಿಯ ಬೆನ್ನನ್ನು ಪದೇ ಪದೇ ಬಳುಕಿಸುವುದು ಮಾತ್ರ ಸರಿಯಲ್ಲ.

ಖಾಸಗಿ ಪಾಠ

ತರಬೇತುದಾರರು ಮನೆಗೆ ಬರುವ ಅಥವಾ ನಾವು ಒಬ್ಬರೇ ಅವರ ಮೈದಾನಕ್ಕೆ ಹೋಗುವ ಏರ್ಪಾಡಿಗೆ ಖರ್ಚು ಹೆಚ್ಚು. ಮುಕ್ಕಾಲು ಗಂಟೆಯ ಪಾಠದಲ್ಲಿ ನಾಯಿ ನಿಜವಾಗಿ ಓಡುವುದು ಹತ್ತು ಹದಿನೈದು ನಿಮಿಷ. ಮಿಕ್ಕ ಹೊತ್ತು ಕಲಿಯುವವರು ನಾವು. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ಶಹಬ್ಬಾಸ್ ಹೇಳುವುದು ಯಾವ ಕ್ಷಣದಲ್ಲಿ ಎಂಬ ಸೂಕ್ಷ್ಮಗಳನ್ನು ನಾಯಿಯಿಲ್ಲದೆಯೇ ಅಭ್ಯಾಸ ಮಾಡಿಸುವ ತರಬೇತುದಾರರು ಸಿಕ್ಕರೆ ಕೊಟ್ಟ ಹಣ ಸಾರ್ಥಕ. ಬೇರೆ ನಾಯಿಗಳನ್ನು ಕಂಡರೆ ಎರಗುವ, ಅಥವಾ ಬೀದಿಯಿಂದ ತಂದು ಇನ್ನೂ ಅಪರಿಚಿತರಿಗೆ ಹೆದರುವ ನಾಯಿಗಳಿಗೆ ಇದೇ ಸರಿಯಾದ ಮೊದಲ ಹೆಜ್ಜೆ. ಅಂಥವನ್ನು ಧೈರ್ಯ ಬರಲೆಂದು ನೇರ ಗುಂಪಿಗೆ ತಳ್ಳುವುದು ಕ್ರೌರ್ಯ.

ಮಿತಿಗಳೂ ಸ್ಪಷ್ಟ. ತಾರಸಿಯ ಟೈಲ್ಸ್ ನೆಲ ಓಟಕ್ಕೆ ಯೋಗ್ಯವಲ್ಲ, ಮೂವತ್ತು ನಲವತ್ತರ ನಿವೇಶನದ ಮನೆಯಂಗಳದಲ್ಲಿ ಎರಡು ಜಂಪ್ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ. ಇನ್ನೊಂದು ಸಂಗತಿಯೂ ಇದೆ. ನಮ್ಮ ಊರುಗಳಲ್ಲಿ ಮನೆಗೆ ಬಂದು ಕಲಿಸುವವರಲ್ಲಿ ಕೆಲವರು ಸೇನೆ ಅಥವಾ ಪೊಲೀಸ್ ಶ್ವಾನದಳದ ಅನುಭವವುಳ್ಳವರು. ನಾಯಿಯ ದೇಹಭಾಷೆಯನ್ನು ಅವರಷ್ಟು ಬಲ್ಲವರು ವಿರಳ. ಆದರೆ ಶ್ವಾನದಳದ ಅಡೆತಡೆ ಅಭ್ಯಾಸವೇ ಬೇರೆ, ಅಜಿಲಿಟಿಯೇ ಬೇರೆ. ಅಲ್ಲಿ ಗೋಡೆ ಹಾರುವ ಧೈರ್ಯ ಮುಖ್ಯ, ಇಲ್ಲಿ ವೇಗದಲ್ಲಿ ದಿಕ್ಕು ಬದಲಿಸುವ ಸಂವಹನ ಮುಖ್ಯ. ಆದುದರಿಂದ ಅಜಿಲಿಟಿಯನ್ನೇ ಕಲಿಸಿದ ಅನುಭವವಿದೆಯೇ ಎಂದು ವಿನಯದಿಂದ, ಆದರೆ ನೇರವಾಗಿ ಕೇಳಬೇಕು. ನಾಯಿ ತಪ್ಪಿದಾಗ ಏನು ಮಾಡುತ್ತೀರಿ ಎಂಬುದು ಎರಡನೆಯ ಪ್ರಶ್ನೆ. ಉತ್ತರದಲ್ಲಿ ಚೋಕ್ ಚೈನ್, ಮುಳ್ಳುಪಟ್ಟಿ, ವಿದ್ಯುತ್ ಪಟ್ಟಿ ಇಣುಕಿದರೆ ಅಲ್ಲಿಗೆ ಮಾತು ಮುಗಿಸಬಹುದು. ಪ್ರಾಣಿ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘ ಎವಿಎಸ್‌ಎಬಿ 2021ರಲ್ಲಿ ಎಲ್ಲ ಬಗೆಯ ನಾಯಿ ತರಬೇತಿಗೂ ಬಹುಮಾನ ಆಧಾರಿತ ವಿಧಾನಗಳನ್ನೇ ಬಳಸಬೇಕೆಂದು ನಿಲುವು ಪ್ರಕಟಿಸಿದೆ. ಅಜಿಲಿಟಿಯಲ್ಲಂತೂ ಹೆದರಿದ ನಾಯಿ ನಿಧಾನಿಸುತ್ತದೆ, ನಿಧಾನಿಸಿದ ನಾಯಿಯೊಂದಿಗೆ ಈ ಆಟವೇ ಇಲ್ಲ.

ಆನ್‌ಲೈನ್ ಕೋರ್ಸ್

ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಇದ್ದು ಹತ್ತಿರದಲ್ಲಿ ತರಗತಿಯೇ ಇಲ್ಲದವರಿಗೆ ಇದೊಂದೇ ದಾರಿ, ಮತ್ತು ಅದು ಅಂದುಕೊಂಡಷ್ಟು ಕೀಳಾದ ದಾರಿಯಲ್ಲ. ನೆಲದ ಮೇಲಿನ ಪಾಠಗಳಿಗೆ ಬೇಕಾಗುವ ಸಾಮಗ್ರಿಯೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ: ಪಿವಿಸಿ ಪೈಪು, ಆಟದ ಶಂಕುಗಳು, ಹಳೆಯ ಯೋಗ ಚಾಪೆ, ಹಿಂಗಾಲಿನ ಅರಿವು ಕಲಿಸಲು ಒಂದು ಅಗಲ ಬೋಗುಣಿಯನ್ನು ಮಗುಚಿ ಹಾಕಿದರೂ ಆಯಿತು. ಆದರೆ ಬರಿ ವಿಡಿಯೊ ನೋಡಿಸುವ ಕೋರ್ಸಿಗೂ, ನಾವು ಕಳುಹಿಸಿದ ವಿಡಿಯೊ ನೋಡಿ ತಪ್ಪು ತಿದ್ದುವ ಕೋರ್ಸಿಗೂ ಅಜಗಜಾಂತರವಿದೆ. ಮೊದಲನೆಯದಕ್ಕೆ ಹಣ ಕೊಡುವ ಅಗತ್ಯ ಕಡಿಮೆ. ಎರಡನೆಯದರಲ್ಲಿ ವಾರಕ್ಕೆ ಎಷ್ಟು ವಿಡಿಯೊಗಳಿಗೆ ಉತ್ತರ ಬರುತ್ತದೆ, ಉತ್ತರಿಸುವವರು ಮುಖ್ಯ ಶಿಕ್ಷಕರೋ ಸಹಾಯಕರೋ ಎಂಬುದನ್ನು ನೋಡಿ ಬೆಲೆ ಕಟ್ಟಬೇಕು. ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಮನೆಯಲ್ಲಿ ನಾಯಿಯನ್ನು ಓಡಿಸುವವರು ಅಪ್ಪ ಅಥವಾ ಅಜ್ಜಿಯಾಗಿದ್ದರೆ ಮಕ್ಕಳು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದೀತು. ನಾಯಿಗೆ ಕೊಡುವ ಆದೇಶಗಳು ಮಾತ್ರ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ‘ನಿಲ್ಲು’, ‘ಬಾ’, ‘ಎಡ’, ‘ಬಲ’ ಎಂಬ ಚಿಕ್ಕ ಪದಗಳು ಓಟದಲ್ಲಿ ಚೆನ್ನಾಗಿಯೇ ಕೇಳಿಸುತ್ತವೆ; ಮನೆಯವರೆಲ್ಲ ಒಂದೇ ಪದ ಬಳಸಬೇಕೆಂಬುದಷ್ಟೇ ಷರತ್ತು.

ಎ-ಫ್ರೇಮ್ ಅಥವಾ ಸೀಸಾವನ್ನು ಬಡಗಿಯಿಂದ ಮಾಡಿಸಿ ವಿಡಿಯೊ ನೋಡಿ ಕಲಿಸುವುದು ಬೇಡ. ಉಪಕರಣದ ದೃಢತೆಯನ್ನಾಗಲಿ ನಾಯಿಯ ಹಿಂಜರಿಕೆಯನ್ನಾಗಲಿ ಗುರುತಿಸಬಲ್ಲ ಕಣ್ಣು ಪಕ್ಕದಲ್ಲಿ ಇಲ್ಲದಾಗ ಎತ್ತರದ ಕೆಲಸ ಮಾಡಿಸಬಾರದು.

ಆಟದಂಗಳಗಳು

ಬೆಂಗಳೂರಿನಂಥ ನಗರಗಳ ಹೊರವಲಯದ ಪೆಟ್ ರೆಸಾರ್ಟ್‌ಗಳಲ್ಲಿ, ಕೆಲವು ಅಪಾರ್ಟ್‌ಮೆಂಟುಗಳ ಶ್ವಾನ ಉದ್ಯಾನಗಳಲ್ಲಿ ಟೈರು, ಸುರಂಗ, ಏರುಹಲಗೆಗಳನ್ನು ಇಟ್ಟು ಅಜಿಲಿಟಿ ಅಂಗಳವೆಂದು ಹೆಸರಿಟ್ಟಿರುತ್ತಾರೆ. ಭಾನುವಾರದ ವಿಹಾರಕ್ಕೆ ಅಡ್ಡಿಯಿಲ್ಲ. ತರಬೇತಿಯೆಂದು ಎಣಿಸಬೇಡಿ. ಒಂದೇ ಬೇಲಿಯೊಳಗೆ ಹತ್ತು ನಾಯಿಗಳು ಬಿಚ್ಚಿಕೊಂಡು ಓಡುತ್ತಿರುವಾಗ ನಿಮ್ಮ ನಾಯಿ ನಿಮ್ಮನ್ನು ನೋಡುವ ಕಾರಣವೇ ಇರುವುದಿಲ್ಲ. ಖಾಲಿ ಇರುವ ವಾರದ ದಿನ ಬೆಳಿಗ್ಗೆ ಬಾಡಿಗೆಗೆ ಸಿಗುವುದಾದರೆ, ತರಗತಿಯಲ್ಲಿ ಕಲಿತದ್ದನ್ನು ಬೇರೆ ಜಾಗದಲ್ಲಿ ಅಭ್ಯಾಸ ಮಾಡಲು ಅದು ಉಪಯುಕ್ತ.

ಯಾವ ನಾಯಿಗೆ ಯಾವ ದಾರಿ

ಜಗತ್ತಿನ ಸ್ಪರ್ಧಾಂಗಣಗಳನ್ನು ಆಳುತ್ತಿರುವುದು ಬಾರ್ಡರ್ ಕೋಲಿ ಎಂಬುದು ನಿಜ, ಆದರೆ ಅಜಿಲಿಟಿ ಬೇಕೆಂದು ಮೂರನೆಯ ಮಹಡಿಯ ಫ್ಲಾಟಿಗೆ ಬಾರ್ಡರ್ ಕೋಲಿ ತರುವುದಕ್ಕಿಂತ ಮನೆಯಲ್ಲಿರುವ ನಾಯಿಯೊಂದಿಗೆ ಆರಂಭಿಸುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ನಾಟಿ ನಾಯಿಗಳು ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ: ಹಗುರ ಮೈ, ಗಟ್ಟಿ ಕೀಲು, ಬಿಸಿಲು ತಾಳುವ ಶಕ್ತಿ. ಕಷ್ಟವಿರುವುದು ಅವುಗಳ ಎಚ್ಚರದಲ್ಲಿ. ಹೊಸ ಜಾಗ, ಹೊಸ ಸದ್ದು, ಹೊಸ ಮನುಷ್ಯರನ್ನು ಅಳೆದು ನೋಡದೆ ಕೆಲಸಕ್ಕಿಳಿಯುವುದಿಲ್ಲ. ಅವುಗಳಿಗೆ ಎರಡು ಮೂರು ಖಾಸಗಿ ಪಾಠಗಳ ಬಳಿಕ ಸಣ್ಣ ಗುಂಪು ಎಂಬ ಕ್ರಮ ಒಗ್ಗುತ್ತದೆ. ಎಫ್‌ಸಿಐ ವಿಶ್ವ ಚಾಂಪಿಯನ್‌ಶಿಪ್ ವಂಶಾವಳಿಯ ದಾಖಲೆಯಿರುವ ನಾಯಿಗಳಿಗೆ ಮೀಸಲಾದರೂ, 2011ರಲ್ಲಿ ಆರಂಭವಾದ ವರ್ಲ್ಡ್ ಅಜಿಲಿಟಿ ಓಪನ್‌ಗೆ ತಳಿಯ ಹಂಗಿಲ್ಲ.

ಮುಧೋಳ ನಾಯಿಯ ವಿಷಯ ಬೇರೆಯೇ. ದೃಷ್ಟಿಯಿಂದ ಬೇಟೆಯಾಡುವ ಈ ತಳಿ ನೇರ ಓಟದಲ್ಲಿ ಬಾಣದಂತೆ ಹೋಗುತ್ತದೆ. ಅಜಿಲಿಟಿ ಬೇಡುವುದು ಬಿಗಿ ತಿರುವುಗಳನ್ನು. ಭುಜದೆತ್ತರ 60 ಸೆಂ.ಮೀ. ಮೀರುವ ನಾಯಿ 60 ಸೆಂ.ಮೀ. ವ್ಯಾಸದ ಸುರಂಗದಲ್ಲಿ ಬಗ್ಗಿ ಓಡಬೇಕು, ಅಷ್ಟೇ ಅಂತರದ ಕಂಬಗಳ ನಡುವೆ ಉದ್ದ ಬೆನ್ನನ್ನು ಮಡಿಸಬೇಕು. ಓಡುವ ಅಳಿಲು ಕಂಡರೆ ಕರೆ ಕೇಳಿಸದ ಸ್ವಭಾವವೂ ಇರುವುದರಿಂದ, ಪೂರ್ತಿ ಬೇಲಿಯಿರುವ ಮೈದಾನವಿಲ್ಲದ ತರಗತಿಗೆ ಈ ನಾಯಿಯನ್ನು ಸೇರಿಸಬಾರದು. ತಾಳ್ಮೆಯಿರುವ ಒಡೆಯನಿಗೆ ಮಾತ್ರ ಇದರ ಓಟದಷ್ಟು ಸೊಗಸಾದ ನೋಟ ಬೇರೊಂದಿಲ್ಲ.

ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲಿನ ಎಕ್ಸ್-ರೇ ಮಾಡಿಸದೆ ಜಿಗಿತ ಆರಂಭಿಸಬೇಡಿ. ಬೆನ್ನುಮೂಳೆಯ ತಟ್ಟೆ ಜಾರುವ ಸಾಧ್ಯತೆ ಹೆಚ್ಚಿರುವ ಡ್ಯಾಶ್‌ಹಂಡ್‌ಗೆ ಸುರಂಗ ಮತ್ತು ನೆಲದಾಟ ಸಾಕು. ಪಗ್, ಬುಲ್‌ಡಾಗ್, ಶಿಟ್ಸುಗಳ ಮಿತಿ ಉಸಿರಾಟದಲ್ಲಿದೆ.

ಬಿಸಿಲು, ಮಳೆ

ನಾಯಿ ತನ್ನ ಮೈಯನ್ನು ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ದೇಹದ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತುರ್ತು ಪರಿಸ್ಥಿತಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಹನ್ನೊಂದಕ್ಕೋ ಮಧ್ಯಾಹ್ನ ಮೂರಕ್ಕೋ ತೆರೆದ ಮೈದಾನದಲ್ಲಿ ತರಗತಿ ಇಟ್ಟಿರುವವರು ಎಷ್ಟೇ ಬಲ್ಲವರಾದರೂ ಆ ಋತುವಿಗೆ ಅವರನ್ನು ಬಿಡಬೇಕು. ಕೃತಕ ಹುಲ್ಲಿನ ಅಂಗಳ ಬಿಸಿಲಿಗೆ ನೆಲಕ್ಕಿಂತಲೂ ಕಾಯುತ್ತದೆ; ಹಿಂಗೈಯನ್ನು ಏಳೆಣಿಸುವಷ್ಟು ಹೊತ್ತು ಅದರ ಮೇಲೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ತಾಳದು. ಮಳೆಗಾಲದಲ್ಲಿ ಚಾವಣಿಯಿರುವ ಅಂಗಳಕ್ಕೆ ಹೆಚ್ಚು ಶುಲ್ಕ ಕೊಟ್ಟರೂ ತಪ್ಪಿಲ್ಲ. ಹುಲ್ಲುಗಾವಲಿನ ಮೈದಾನವಾದರೆ ಉಣುಗುಗಳ ಔಷಧಿ ಮತ್ತು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆ ಎರಡೂ ಸಕಾಲದಲ್ಲಿ ಆಗಿರಬೇಕು. ಎಲ್ಲ ನಾಯಿಗಳ ಲಸಿಕೆ ಪುಸ್ತಕವನ್ನೂ ಕೇಳಿ ನೋಡುವ ತರಗತಿಯೇ ನಂಬಿಕೆಗೆ ಯೋಗ್ಯ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಬ್ರಿಟನ್ನಿನಲ್ಲಿ ನೆಲೆಸಿರುವವರಿಗೆ ಆಯ್ಕೆ ಸುಲಭ, ಏಕೆಂದರೆ ಸ್ವಯಂಸೇವಕರು ನಡೆಸುವ ಊರೂರಿನ ಕ್ಲಬ್‌ಗಳಿವೆ. ಶುಲ್ಕ ಹಗುರ, ಕಾಯುವ ಪಟ್ಟಿ ಉದ್ದ, ಮತ್ತು ಸದಸ್ಯರಾದವರು ಉಪಕರಣ ಹೊರುವ ಕೆಲಸದಲ್ಲೂ ಕೈಜೋಡಿಸಬೇಕು. ಚಳಿಗಾಲದಲ್ಲಿ ಎಷ್ಟೋ ತರಗತಿಗಳು ಕುದುರೆ ಸವಾರಿ ಶಾಲೆಗಳ ಮರಳು ಹಾಸಿದ ಅಂಗಣಗಳಿಗೆ ಸ್ಥಳಾಂತರವಾಗುತ್ತವೆ; ಕೇವಲ ಬಯಲು ಹೊಲವನ್ನೇ ನಂಬಿದ ಕ್ಲಬ್ಬಿಗೆ ಸೇರಿದರೆ ಆ ತಿಂಗಳುಗಳಲ್ಲಿ ಕೆಸರೇ ಗತಿ. ಮುಂದೆ ಸ್ಪರ್ಧಿಸುವುದಾದರೆ ಒಂದರಿಂದ ಏಳರವರೆಗೆ ದರ್ಜೆಗಳಿವೆ, ಎತ್ತರಕ್ಕೆ ತಕ್ಕಂತೆ ನಾಲ್ಕು ವಿಭಾಗಗಳಿವೆ.

ಅಮೆರಿಕದಲ್ಲಿ ಕ್ಲಬ್‌ಗಳ ಜೊತೆಗೆ ಖಾಸಗಿ ಒಳಾಂಗಣ ಕೇಂದ್ರಗಳೂ ಹೇರಳ. ಅಲ್ಲಿ ತರಗತಿ ಆರಿಸುವಾಗ ಅದು ಯಾವ ಸಂಸ್ಥೆಯ ನಿಯಮಗಳಿಗೆ ನಾಯಿಯನ್ನು ಸಿದ್ಧಗೊಳಿಸುತ್ತದೆ ಎಂದು ಕೇಳುವುದು ಅಗತ್ಯ, ಏಕೆಂದರೆ ಸಂಸ್ಥೆಗಳು ಹಲವು. ಅಮೆರಿಕನ್ ಕೆನಲ್ ಕ್ಲಬ್ಬಿನಲ್ಲಿ ಹೊಸಬರಿಗೆಂದೇ ಎಸಿಟಿ ಎಂಬ ಪ್ರವೇಶ ಪರೀಕ್ಷೆಯಿದೆ. ಮಿಶ್ರ ತಳಿಯ ನಾಯಿಗಳು ‘ಕೆನೈನ್ ಪಾರ್ಟ್‌ನರ್ಸ್’ ಯೋಜನೆಯಡಿ ನೋಂದಾಯಿಸಿಕೊಂಡು ಸ್ಪರ್ಧಿಸಬಹುದು, ಹಾಗಾಗಿ ಭಾರತದಿಂದ ಜೊತೆಗೆ ಕರೆದೊಯ್ದ ಇಂಡೀ (ನಾಟಿ) ನಾಯಿಗೂ ಅಲ್ಲಿ ಅವಕಾಶವಿದೆ. ಸೀಸಾದ ಭಯ ಬಿಡದ ನಾಯಿಗೆ, ಆ ಉಪಕರಣವನ್ನೇ ಬಳಸದ ಎನ್‌ಎಡಿಎಸಿ ಎಂಬ ಇನ್ನೊಂದು ಸಂಸ್ಥೆಯ ನಿಯಮಗಳ ತರಗತಿ ಹೊಂದೀತು.

ತೀರ್ಮಾನಿಸುವಾಗ

ನಗರದಲ್ಲಿದ್ದು, ಸಮಾಧಾನದ ನಾಯಿಯಿರುವವರು ಆರು ನಾಯಿಗಳಿಗೆ ಮೀರದ ಫೌಂಡೇಶನ್ ಗುಂಪಿಗೆ ಸೇರಲಿ. ಹೆದರುವ ಅಥವಾ ಎರಗುವ ನಾಯಿಯವರು ಖಾಸಗಿ ಪಾಠದಿಂದ ಆರಂಭಿಸಲಿ. ದೂರದ ಊರಿನವರು ತಪ್ಪು ತಿದ್ದುವ ಆನ್‌ಲೈನ್ ಕೋರ್ಸಿನೊಂದಿಗೆ ನೆಲದ ಪಾಠಗಳನ್ನು ಮುಗಿಸಿಕೊಂಡು, ಕೆಲವು ತಿಂಗಳಿಗೊಮ್ಮೆ ನಗರಕ್ಕೆ ಬಂದು ಎತ್ತರದ ಉಪಕರಣಗಳನ್ನು ಬಲ್ಲವರ ಕಣ್ಣೆದುರು ಕಲಿಸಲಿ. ಒಂದು ಊರಿನಲ್ಲಿ ಹನ್ನೆರಡು ನಾಯಿಗಳ ಗದ್ದಲದ ಗುಂಪೊಂದೇ ಲಭ್ಯವಿದ್ದರೆ ಅದಕ್ಕಿಂತ ಆನ್‌ಲೈನ್ ದಾರಿಯೇ ಲೇಸೆಂಬುದು ನನ್ನ ಅಭಿಪ್ರಾಯ.

ವರ್ಷದ ಪ್ಯಾಕೇಜಿಗೆ ರಿಯಾಯಿತಿ ತೋರಿಸಿದರೂ ಮೊದಲು ಒಂದೇ ಕೋರ್ಸಿನ ಹಣ ಕಟ್ಟಿ. ಮಳೆ ಬಂದು ರದ್ದಾದ ತರಗತಿಯನ್ನು ಬೇರೆ ದಿನ ತುಂಬಿಕೊಡುತ್ತಾರೆಯೇ, ಹೆಣ್ಣುನಾಯಿ ಬೆದೆಗೆ ಬಂದಾಗ ತಪ್ಪುವ ವಾರಗಳ ಗತಿಯೇನು, ನಾಯಿಗೆ ಗಾಯವಾದರೆ ಹೊಣೆ ಯಾರದು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೋರ್ಸಿನ ನಾಲ್ಕನೆಯ ವಾರದ ಹೊತ್ತಿಗೆ ನಾಯಿಯ ನಡವಳಿಕೆಯೇ ಉತ್ತರ ಹೇಳತೊಡಗುತ್ತದೆ: ಮೈದಾನದ ಗೇಟು ಕಂಡೊಡನೆ ಕಾರಿನಿಂದಿಳಿಯಲು ತವಕಿಸುತ್ತ, ಒಳಗೆ ಹೋದ ಮೇಲೆ ತಾನಾಗಿಯೇ ನಿಮ್ಮ ಮುಖ ನೋಡುತ್ತಿದ್ದರೆ ಮುಂದಿನ ಹಂತಕ್ಕೂ ಅಲ್ಲೇ ಹಣ ಕಟ್ಟಬಹುದು. ಗೇಟಿನ ಬಳಿ ಬಾಲ ಮುದುರಿ ಹಿಂದೆ ಸರಿಯುತ್ತಿದ್ದರೆ, ಅಥವಾ ಒಳಗೆ ಹೋದೊಡನೆ ನಿಮ್ಮನ್ನು ಮರೆತು ಬೇಲಿಯುದ್ದಕ್ಕೂ ಬೊಗಳುತ್ತಿದ್ದರೆ, ಉಳಿದ ವಾರಗಳ ಶುಲ್ಕ ಹೋದರೂ ಚಿಂತೆಯಿಲ್ಲವೆಂದು ತರಬೇತುದಾರರೊಂದಿಗೆ ಮಾತಾಡಿ ನಿಲ್ಲಿಸಿ, ಒಂದೆರಡು ವಾರ ಮನೆಯಂಗಳದ ನೆಲದಾಟಕ್ಕೆ ಮರಳಿ, ಆಮೇಲೆ ಬೇರೆ ತರಗತಿಯನ್ನು ನೋಡಲು ಹೋಗಿ.